ಬೀಗವಿಲ್ಲದ ಕಂಪ್ಯೂಟರು

ಆಯುಧಪೂಜೆಯ ದಿನ ತಿಮ್ಮಮ್ಮ ಟ್ರಾಕ್ಟರಿಗೆ ಬೊಟ್ಟಿಟ್ಟು, ಹೊಲಿಗೆ ಮಿಷನ್ನಿಗೆ ಬೊಟ್ಟಿಟ್ಟು, ಉಳಿದ ಅರಿಸಿನ ಕುಂಕುಮವನ್ನು ಗಂಧದಲ್ಲಿ ಕಲಸಿಕೊಂಡು ಸೊಸೆ ಯಶೋಧಳ ಕಂಪ್ಯೂಟರಿನ ಮುಂದೆ ಕುಳಿತಳು. ಎಂಬತ್ತರ ಕೈಯಾದರೂ ಅಚ್ಚುಕಟ್ಟು. ಪೆನ್‌ಡ್ರೈವ್ ಚುಚ್ಚುವ ಎರಡು ಕಿಂಡಿಗಳೂ ಮೆತ್ತಿಹೋಗುವಂತೆ ಬೊಟ್ಟಿಟ್ಟು, ಮೇಲೊಂದು ಸೇವಂತಿಗೆ ಏರಿಸಿದಳು. ಹಿಂಬದಿಯ ಕಿಂಡಿಗಳು ಕೆಟ್ಟು ವರ್ಷಗಳಾಗಿದ್ದವು. ಹಳೆಯ ವಿಂಡೋಸು ಈಗಿನ ಕಾಲದ ಮೇಲ್ ತೆರೆಯುತ್ತಿರಲಿಲ್ಲ. ಒಳಗಿದ್ದದ್ದು ಒಳಗೇ ಉಳಿಯಿತು.

ಹತ್ತನೇ ದಿನಕ್ಕೆ ಕಂಪ್ಯೂಟರಿನ ಡಬ್ಬದೊಳಗಿಂದ ಹಲ್ಲಿ ಲೊಚಗುಟ್ಟಿದಂಥ ಸದ್ದು ಶುರುವಾಯಿತು. ಯಶೋಧಳ ಸೊಸೆ ಚೈತ್ರ ಪಾಂಡವಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಕಿವಿಗೊಟ್ಟು ಕೇಳಿ, ಇನ್ನು ಎರಡು ಮೂರು ದಿನ ಬಾಳಿದರೆ ಹೆಚ್ಚು ಎಂದಳು. ಒಳಗೆ ಬೇಕಾದ್ದು ಏನಾದರೂ ಇದೆಯಾ ಎಂದು ಕೇಳಿದಳು.

"ಸಂಘದ್ದು ಕಣವ್ವ," ಎಂದಳು ಯಶೋಧ.

ಮನೆಯವರೆಲ್ಲ ನಂಬಿದ್ದೂ ಅದನ್ನೇ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅವಳು ಟೈಪು ಮಾಡುತ್ತ ಕುಳಿತರೆ, ಸ್ತ್ರೀಶಕ್ತಿ ಸಂಘದ ನಡಾವಳಿ ಬರೆಯುತ್ತಾಳೆ ಎನ್ನುತ್ತಿದ್ದರು. ನಡಾವಳಿ ತಿಂಗಳಿಗೆ ಒಂದು ಪುಟ. ಹನ್ನೊಂದು ವರ್ಷದ ಉಳಿದ ಮಧ್ಯಾಹ್ನಗಳು ಅವಳ ಸ್ವಂತದವು. ಹೇಮಗಿರಿಯ ಹೊಳೆದಂಡೆಯಲ್ಲಿ ಕೊನೆಯ ಸಲ ಕಂಡ ಅವ್ವನ ಮುಖ, ಗಂಡ ಕನಕರಾಜನಿಗೆ ಹೇಳಬೇಕೆಂದು ಹೇಳದೆ ಬಿಟ್ಟ ಮಾತು, ಈ ಚಿನಕುರಳಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನುಂಗಿಕೊಂಡ ಅಳು, ಎಲ್ಲವನ್ನೂ ಬರೆದಿಟ್ಟಿದ್ದಳು. ಅತ್ತೆ ತಿಮ್ಮಮ್ಮನೂ ಅದರಲ್ಲಿದ್ದಳು, ಎಲ್ಲ ಕಡೆಯೂ ಒಳ್ಳೆಯವಳಾಗಿ ಅಲ್ಲ. ಅದು ಸತ್ತುಹೋಗಲೂಬಾರದು, ಯಾರ ಕಣ್ಣಿಗೂ ಬೀಳಲೂಬಾರದು.

ಭಾನುವಾರ ಚೈತ್ರ ಮನೆಯಲ್ಲಿದ್ದ ತನ್ನ ಹಳೆಯ ಲ್ಯಾಪ್‌ಟಾಪು ತಂದು ಪಕ್ಕದಲ್ಲಿಟ್ಟಳು. ಅತ್ತೆಯದು ವಿಂಡೋಸು, ತನ್ನದು ಲಿನಕ್ಸು. ಬೇರೆ ಒಲೆ, ಬೇರೆ ಅಡುಗೆ. ಆದರೂ ಎರಡೂ ಒಂದೇ ಇಂಟರ್ನೆಟ್ ಪೆಟ್ಟಿಗೆಗೆ ಸೇರಿವೆಯಲ್ಲ, ಅದರ ಮೂಲಕ ಒಂದರಿಂದ ಇನ್ನೊಂದಕ್ಕೆ ಸಾಗಿಸಬಹುದು ಎಂದು ವಿವರಿಸಿದಳು.

ಯಶೋಧ ಡಬ್ಬದ ಮೇಲೆ ಕೈಯಿಟ್ಟಳು. "ಸೇರ್ಸುದ್ರೆ ಎಲ್ಲಾನೂ ಕಾಣ್ತದಾ?"

"ಇಲ್ಲ ಅತ್ತೆ. ನೀವು ಯಾವ ಫೋಲ್ಡರ್ ಕೊಡ್ತೀರೋ ಅದೊಂದೇಯ."

ಯಶೋಧ ತನ್ನ ಬರಹವಿದ್ದ 'ಸಂಘ ೨' ಎಂಬ ಫೋಲ್ಡರ್ ತೋರಿಸಿದಳು. ಲ್ಯಾಪ್‌ಟಾಪಿನಲ್ಲಿ ಹಳೆಯ ಕಂಪ್ಯೂಟರಿನ ಹೆಸರು ಮೂಡಿತು. ಒತ್ತಿದರೆ ಪಾಸ್‌ವರ್ಡ್ ಕೇಳಿತು. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಚೈತ್ರ ಖಾಲಿ ಬಿಟ್ಟು ಒತ್ತಿದಳು, ಬಿಡಲಿಲ್ಲ. ಮೂರು ಸಲ ಒತ್ತಿ, ಆಮೇಲೆ ಹಣೆ ಚಚ್ಚಿಕೊಂಡು ನಕ್ಕಳು. ಪಾಸ್‌ವರ್ಡ್ ಇಲ್ಲದ ಖಾತೆಗೆ ವಿಂಡೋಸು ಹೊರಗಿನಿಂದ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲವಂತೆ. ಮೊದಲು ಬೀಗ ಹಾಕಬೇಕು, ಆಮೇಲೆ ಬೀಗದ ಕೈ ಕೊಟ್ಟು ಒಳಗೆ ಹೋಗಬೇಕು.

ಯಶೋಧ ಕೀಲಿಮಣೆಯಿಂದ ಕೈ ತೆಗೆದಳು. ಹನ್ನೊಂದು ವರ್ಷ ಅವಳು ಬೀಗ ಹಾಕದಿದ್ದದ್ದು ಮರೆವಿನಿಂದಲ್ಲ. ಬೀಗ ಕಂಡರೆ ತಾನೇ ಒಳಗೇನಿದೆ ಎಂದು ಕೇಳುವುದು? ತೆರೆದಿಟ್ಟದ್ದನ್ನು ಯಾರೂ ಇಣುಕಿ ನೋಡಿರಲಿಲ್ಲ. ಈಗ ಎಲ್ಲರ ಎದುರಿಗೆ ಹಾಕಬೇಕು. ಬಾಗಿಲ ಬಳಿ ತಿಮ್ಮಮ್ಮ ಅಲಸಂದೆಕಾಯಿ ಸುಲಿಯುತ್ತ ಕುಳಿತಿದ್ದಳು. ಡಬ್ಬ ಲೊಚ್ ಲೊಚ್ ಅನ್ನುತ್ತಲೇ ಇತ್ತು.

"ಅದ್ಯಾಕಂಗೆ ಕೂತ್ಬುಟ್ಟೆ ಯಶೋಧಾ?" ಎಂದಳು ತಿಮ್ಮಮ್ಮ.

ಚೈತ್ರ ಇದ್ದದ್ದನ್ನು ಹೇಳಿದಳು. ತಿಮ್ಮಮ್ಮನ ಕೈ ಒಂದು ಗಳಿಗೆ ನಿಂತಿತು.

"ಆಕವ್ವ ಅತ್ಲಾಗೆ. ಬೀಗ ಆಕಾದೇನು ತಪ್ಪಾ? ನನ್ ಟ್ರಂಕಿನ ಬೀಗದ ಕೈ ಎಲ್ಲೈತೆ ಅಂತ ನಿಮ್ಮಾವುಂಗೆ ಸಾಯೋಗಂಟ ಗೊತ್ತಿರ್ನಿಲ್ಲ. ಚಿನ್ನ ಇತ್ತಾ ಅಂದ್ರೆ ಅದೂ ಇರ್ನಿಲ್ಲ ಕಣವ್ವ." ಮತ್ತೆ ಕಾಯಿ ಸುಲಿಯತೊಡಗಿದಳು.

ಯಶೋಧ ಅತ್ತೆಯನ್ನೇ ನೋಡಿದಳು. ಮೂವತ್ತು ವರ್ಷದಿಂದ ಆ ಟ್ರಂಕನ್ನು ಒರೆಸುತ್ತ ಬಂದವಳು ತಾನು. ಒಳಗೇನಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಚೈತ್ರ ತನ್ನ ಲ್ಯಾಪ್‌ಟಾಪಿನಲ್ಲಿ ಅತ್ತೆಯ ಹೆಸರಿಗೇ ಬೇರೊಂದು ಖಾತೆ ಮಾಡಿದಳು. ಪಾಸ್‌ವರ್ಡ್ ಹೊಡೆಯುವ ಹೊತ್ತಿಗೆ, ಯಾರೂ ಹೇಳದೆಯೇ, ಮುಖ ತಿರುಗಿಸಿ ಕಿಟಕಿಯ ಆಚೆ ಹೋಗುತ್ತಿದ್ದ ಕಲ್ಲಿನ ಲಾರಿ ನೋಡುತ್ತ ನಿಂತಳು. ಯಶೋಧ ಮೊದಲು ಹಳೆಯ ಕಂಪ್ಯೂಟರಿಗೆ ಬೀಗ ಹಾಕಿ, ಆಮೇಲೆ ಲ್ಯಾಪ್‌ಟಾಪಿನಲ್ಲಿ ಅದೇ ಪಾಸ್‌ವರ್ಡ್ ಹೊಡೆದಳು. ಪರದೆಯ ಮೇಲೆ ಬರೀ ಚುಕ್ಕೆಗಳು. ಬಾಗಿಲು ತೆರೆಯಿತು. ಹನ್ನೊಂದು ವರ್ಷ, ಒಂದು ಲೋಟ ಕಾಫಿ ಕುದಿಯುವಷ್ಟರಲ್ಲಿ ಈ ಕಡೆಗೆ ಬಂದುಬಿಟ್ಟಿತು. ಒಂದು ಪುಟ ತೆರೆದು ನೋಡಿ, ಅಕ್ಷರ ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ ಮುಚ್ಚಿದಳು.

"ಪಾಸ್‌ವರ್ಡ್ ಮರೀಬ್ಯಾಡಿ ಅತ್ತೆ," ಎಂದಳು ಚೈತ್ರ ಕಿಟಕಿಯಿಂದಲೇ. "ಈ ಲ್ಯಾಪ್‌ಟಾಪ್ ಇನ್ಮೇಲೆ ನಿಮ್ದೇಯ."

ಮಂಗಳವಾರ ಹಳೆಯ ಕಂಪ್ಯೂಟರು ನಿಂತೇ ಹೋಯಿತು. ಯಶೋಧಳಿಗೆ ದುಃಖವೇನೂ ಆಗಲಿಲ್ಲ. ಮಧ್ಯಾಹ್ನ ಲ್ಯಾಪ್‌ಟಾಪು ತೆರೆದು ಕುಳಿತಾಗ ತಿಮ್ಮಮ್ಮ ಕುಂಕುಮದ ಬಟ್ಟಲು ಹಿಡಿದು ಬಂದಳು. ಇದಕ್ಕೆ ಪೂಜೆಯೇ ಆಗಿಲ್ಲವಲ್ಲ, ಬೊಟ್ಟು ಎಲ್ಲಿಡಲಿ ಎಂದು ಕೇಳಿದಳು.

ಯಶೋಧ ಮುಚ್ಚಳ ಮುಚ್ಚಿ, ಅತ್ತೆಯ ಬೆರಳು ಹಿಡಿದು, ಅದರ ನಟ್ಟನಡುವೆ ಇರಿಸಿದಳು.