ಟೀಚರಿಗೆ ಇಷ್ಟವಾದ ಪುಸ್ತಕ

ಮಕ್ಕಳ ಪುಸ್ತಕಕ್ಕೆ ಬಹುಮಾನ ಕೊಡುತ್ತೇವೆಂದು ಠಾಣೆ ಊರಿನ ಕನ್ನಡ ಸಂಘದವರು ಹೊರಟಿದ್ದೇನೋ ಒಳ್ಳೆಯ ಕೆಲಸವೇ. ಆದರೆ ಒಂದನ್ನು ಎತ್ತಿ ಹಿಡಿಯಬೇಕಾದರೆ ಇನ್ನೊಂದನ್ನು ಕೆಳಗಿಡಬೇಕಲ್ಲ, ಆ ಪಾಪ ಯಾರ ತಲೆಗೆ? ಎಂಬತ್ತೊಂದನೇ ಇಸವಿಯ ಆ ಭಾನುವಾರ ಅದು ಕನ್ನಡ ಶಾಲೆಯ ಟೀಚರ್ ಸ್ವರ್ಣಲತಾಳ ತಲೆಗೆ ಬಂತು.

ನೌಪಾಡಾದ ಹೋಟೆಲೊಂದರ ಮಾಳಿಗೆಯಲ್ಲಿ ಮೂವರು ತೀರ್ಪುಗಾರರು ಕೂತಿದ್ದರು. ಕೊನೆಗೆ ಉಳಿದದ್ದು ಎರಡೇ ಪುಸ್ತಕ. ಒಂದು ಹರಿಣಾಕ್ಷಿಯದು: ಚಂದಿರ, ಕಡಲು, ಕಪ್ಪೆಚಿಪ್ಪುಗಳ ನವಿರಾದ ಕಥೆಗಳು. ಇನ್ನೊಂದು ಶಹಾಡಿನ ಗಿರಣಿ ಕಾರ್ಮಿಕ ಅಂಬಾರಾಯನದು: ಲೋಕಲ್ ಗಾಡಿ ಹತ್ತಿದ ಎಮ್ಮೆಯ ಕಥೆ, ಒರಟು ಕಾಗದ, ಸೊಟ್ಟ ಚಿತ್ರಗಳು. ಹೋಟೆಲಿನ ಭುಜಂಗ ಶೆಟ್ಟರು ಎಮ್ಮೆಯ ಕಡೆ, ಸಂಕರ್ಷಣ ರಾಯರು ಚಂದಿರನ ಕಡೆ. ಸ್ವರ್ಣಲತಾಳ ಮಾತೇ ಕೊನೆಯದು. ಗೆದ್ದ ಪುಸ್ತಕ ಅವಳ ಶಾಲೆಯ ಒಂದೊಂದು ಮಗುವಿನ ಕೈಗೂ ಸಿಗುವುದಿತ್ತು. ಪಠ್ಯ ಬಿಟ್ಟರೆ ಆ ಮಕ್ಕಳ ಮನೆಗಳಲ್ಲಿ ಬೇರೆ ಕನ್ನಡ ಪುಸ್ತಕವೇ ಇರಲಿಲ್ಲ.

ಹರಿಣಾಕ್ಷಿಯೂ ಎದುರಿಗೇ ಕೂತಿದ್ದಳು. ಸಂಘದ ಕಾರ್ಯದರ್ಶಿಯೇ ಅವಳು, ಹೊರಗೆ ಕೂರು ಎನ್ನುವ ಧೈರ್ಯ ಯಾರಿಗಿದೆ? ಡೊಂಬಿವಲಿಯಿಂದ ದಿನಾ ಲೋಕಲ್ ಗಾಡಿಯ ಒಂದೇ ಲೇಡೀಸ್ ಡಬ್ಬಿಯಲ್ಲಿ ಬರುವ ಗೆಳತಿಯರು ಅವರಿಬ್ಬರು. ಆ ಕಥೆಗಳನ್ನು ಮೊದಲು ಕೇಳಿ ಕಣ್ಣೊರೆಸಿಕೊಂಡವಳೂ, ವಾರವಿಡೀ ತರಗತಿಯಲ್ಲಿ ಹಾಡಿ ಹೊಗಳಿದವಳೂ ಸ್ವರ್ಣಲತಾಳೇ.

"ಮಕ್ಕಳನ್ನೇ ಕೇಳುವ," ಎಂದಳು, ಹೊಣೆ ಜಾರಿಸಿಕೊಳ್ಳುವ ಆಸೆಯಿಂದ. ಅದಕ್ಕೆಂದೇ ತನ್ನ ತರಗತಿಯ ಭೀಮಮ್ಮನನ್ನು ಕರೆತಂದಿದ್ದಳು. ಗುಲ್ಬರ್ಗಾ ಕಡೆಯ ಗಾರೆ ಕೆಲಸದವರ ಮಗಳು.

ಭೀಮಮ್ಮ ಮೊದಲು ಚಂದಿರನ ಕಥೆ ಓದಿದಳು. ಒಂದಕ್ಷರ ತಪ್ಪಲಿಲ್ಲ, ಪಾಠ ಒಪ್ಪಿಸಿದ ಹಾಗಿತ್ತು. ಆಮೇಲೆ ಎಮ್ಮೆ. ಒಂದೆರಡು ಸಾಲು ಗಟ್ಟಿಯಾಗಿ ಓದಿದಳು, ಬರಬರುತ್ತ ದನಿ ಇಳಿಯಿತು, ನಿಂತೇ ಹೋಯಿತು. ಹುಡುಗಿ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು. ಪುಟ ತಿರುಗಿಸಿ ಕಿಸಕ್ಕನೆ ನಕ್ಕಳು. ರಾಯರು ಜೋರಾಗಿ ಓದು ಎಂದದ್ದು ಅವಳಿಗೆ ಕೇಳಿಸಲೇ ಇಲ್ಲ.

"ಯಾವುದು ಚಂದ ಉಂಟು, ಹೇಳು ಮಗಾ," ಎಂದರು ಶೆಟ್ಟರು.

ಭೀಮಮ್ಮ ಪುಸ್ತಕ ಮುಚ್ಚಿ ಟೀಚರ್ ಮುಖ ನೋಡಿದಳು. "ಚಂದ್ರಂದು ಚಲೋ ಅದರಿ."

ಹರಿಣಾಕ್ಷಿಯ ಮುಖ ಅರಳಿತು. ರಾಯರು ಪೆನ್ನಿನ ಮುಚ್ಚಳ ತೆಗೆದರು. ಸ್ವರ್ಣಲತಾ ಸುಮ್ಮನಿದ್ದರೆ ಸಾಕಿತ್ತು, ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಆ ನಗು ಕಣ್ಣಿಗೆ ಕಟ್ಟಿತ್ತು.

"ಯಾಕೆ ಮಗಾ?" ಎಂದು ಕೇಳಿಯೇಬಿಟ್ಟಳು.

"ನಿಮಗ ಅದೇ ಸೇರ್ತದಲ್ರಿ ಟೀಚರ್."

ವಾರವಿಡೀ ತಾನು ಹಾಡಿ ಹೊಗಳಿದ್ದು ನೆನೆದು ಸ್ವರ್ಣಲತಾಳಿಗೆ ನಾಚಿಕೆಯಾಯಿತು. ಗೆಳತಿಯನ್ನು ಕಳೆದುಕೊಳ್ಳುವ ಭಯವೂ ಇತ್ತು, ಸುಳ್ಳೇಕೆ? ಆ ಕಡೆ ನೋಡದೆಯೇ, "ನನ್ನ ವೋಟು ಎಮ್ಮೆಗೆ," ಎಂದಳು.

ಹರಿಣಾಕ್ಷಿ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು.

ಭೀಮಮ್ಮನ ಕಣ್ಣು ತುಂಬಿ ಬಂತು. ತಾನು ಮೈಮರೆತು ಓದಿದ ಪುಸ್ತಕವೇ ಗೆದ್ದಿತೆಂಬುದು ಅವಳ ತಲೆಗೆ ಹೋಗಲೇ ಇಲ್ಲ. ಟೀಚರ್ ಸೆರಗು ಹಿಡಿದು ಮೆಲ್ಲಗೆ ಹೇಳಿದಳು:

"ಇನ್ನೊಮ್ಮೆ ಕೇಳ್ರಿ ಟೀಚರ್. ಈ ಸಲ ತಪ್ಪಿಲ್ದ ಬರೋಬ್ಬರಿ ಹೇಳ್ತೀನಿ."