ಒಳಗಿನ ನೀಲಿ

ದಮಯಂತಿ ಟೀಚರಿಗೆ ಯಾವ ವಸ್ತುವನ್ನೂ ಒಡೆದು ನೋಡದೆ ಸಮಾಧಾನವಿಲ್ಲ. ಅರಂತೋಡಿನ ಅಂಗಡಿಯಲ್ಲಿ ಕೊಂಡ ಬಿಸ್ಕತ್ತಾಗಲಿ, ದಾರಿಯಲ್ಲಿ ಸಿಕ್ಕ ಕಾಡುಬೀಜವಾಗಲಿ ಮೊದಲು ಎರಡಾಗಬೇಕು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, ಒಡೆದ ಮುಖವನ್ನು ಮೂಗಿನ ತುದಿಗೆ ತಂದು ಪರೀಕ್ಷಿಸಬೇಕು. ಇದಕ್ಕೆಂದೇ ಅವರ ಕೈಚೀಲದಲ್ಲಿ ಅಡಕತ್ತರಿಯೊಂದು ಸದಾ ಇರುತ್ತದೆ. ಎಲೆ ಅಡಿಕೆಯನ್ನು ಮಾತ್ರ ಅವರು ಜನ್ಮದಲ್ಲಿ ಮೆದ್ದವರಲ್ಲ. “ಒಳಗೆ ಎಂತ ಉಂಟೂಂತ ನೋಡದೆ ಹೆಸರು ಹೇಳುದಲ್ಲ” ಎಂಬುದು ಅವರ ನಿತ್ಯಮಂತ್ರ. ಸುಳ್ಯದ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಾರೆ, ನಾನು ಕನ್ನಡ.

ಕಳೆದ ವರ್ಷ ನಮ್ಮ ವಸ್ತುಪ್ರದರ್ಶನಕ್ಕೆ ಇಚಿಲಂಪಾಡಿಯ ನೆಬೀಸ ಎಂಬ ಹೆಂಗಸು ಕವಲೊಡೆದ ನೀಲಿಬಣ್ಣದ ಹವಳವೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಕಡಲಲ್ಲಿ ಸರಕು ಸಾಗಿಸುವ ಮಂಜಿ ಹಡಗಿನಲ್ಲಿ ದುಡಿಯುತ್ತಿದ್ದ ಅವರ ತಂದೆ ಇದಿನಬ್ಬ ಅದನ್ನು ಲಕ್ಷದ್ವೀಪದಿಂದ ತಂದಿದ್ದರಂತೆ. ಕಡಲಿನಲ್ಲಿ ನೀಲಿ ಕಲ್ಲು ಬೆಳೆಯುತ್ತದೆಂದು ಅವರು ಸಾಯುವ ತನಕ ಹೇಳಿದರೂ ಊರು ನಂಬಿರಲಿಲ್ಲ. ನಂಬುವುದಾದರೂ ಹೇಗೆ? ಮಳೆಗಾಲದಲ್ಲಿ ಅಡಿಕೆಗೆ ಸಿಂಪಡಿಸುವ ಮೈಲುತುತ್ತಿನಿಂದ ಅಂಗಿ, ಡ್ರಮ್ಮು, ಕೊನೆಗೆ ನಾಯಿಯ ಬಾಲ ಕೂಡ ನೀಲಿಯಾಗುವ ಸೀಮೆ ನಮ್ಮದು. ಇಲ್ಲಿ ನೀಲಿ ಕಂಡದ್ದೆಲ್ಲ ಮೈಲುತುತ್ತೇ. ಪ್ರಾಂಶುಪಾಲ ತ್ಯಾಂಪಣ್ಣನವರೂ ಹಾಗೆಯೇ ತೀರ್ಮಾನಿಸಿ, ಹುಣಸೆಹುಳಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಿಡಲು ಅಪ್ಪಣೆ ಕೊಡಿಸಿದರು. ನೆಬೀಸರ ಮುಖ ಇಳಿದುಹೋಯಿತು.

ದಮಯಂತಿ ಭೂತಗನ್ನಡಿ ಹಿಡಿದರು. ಸಾಮಾನ್ಯ ಕವಲುಹವಳಕ್ಕೆ ಕೊಂಬೆಯ ತುದಿಯಲ್ಲಿ ಇರುವ ದೊಡ್ಡ ರಂಧ್ರ ಇದಕ್ಕಿರಲಿಲ್ಲ. ಮೈತುಂಬ ಸೂಜಿಮೊನೆಯಷ್ಟು ತೂತುಗಳು. ಇದು ನೀಲಿ ಹವಳವೆಂಬ ಬೇರೆಯೇ ಜಾತಿ ಇರಬೇಕು, ಹಾಗಿದ್ದರೆ ಒಳಗೂ ನೀಲಿಯಿರಬೇಕು ಎಂದರು. ಆದರೂ ಆ ದಿನ ಮೊದಲ ಬಾರಿಗೆ ಅವರ ಅಡಕತ್ತರಿ ಹಿಂಜರಿಯಿತು. ಒಳಗೆ ಬೆಳ್ಳಗಿದ್ದರೆ ನೆಬೀಸರಿಗೆ ತಂದೆಯ ಕುರುಹೂ ಉಳಿಯದು, ಮಾತೂ ಉಳಿಯದು.

“ನೀವು ಮುರೀರಿ ಟೀಚರೇ. ನನ್ನ ಉಪ್ಪ ಸುಳ್ಳು ಹೇಳುವವರಲ್ಲ,” ಎಂದರು ನೆಬೀಸ.

ಟಕ್ಕೆಂದಿತು. ತುಂಡಾದ ಕೊಂಬೆ ಹೊರಮೈಗಿಂತ ಗಾಢವಾಗಿ, ನಟ್ಟನಡುವಿನವರೆಗೂ ನೀಲಿಯಾಗಿತ್ತು. ಮೈಲುತುತ್ತು ಮೈಗೆ ಹತ್ತೀತು, ಕಲ್ಲಿನ ಗರ್ಭಕ್ಕೆ ಇಳಿದೀತೇ? ತ್ಯಾಂಪಣ್ಣನವರು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಹುಣಸೆಯ ಪಾತ್ರೆಯನ್ನು ತಾವೇ ಹೊರಗೆ ಚೆಲ್ಲಿ ಬಂದರು. ನೆಬೀಸ ನಗುತ್ತ ಅಳುತ್ತಿದ್ದರು. ಹವಳದ ಕೆಳಗೆ ಈಗ ಅದರ ಶಾಸ್ತ್ರೀಯ ನಾಮ ಉಂಟು, ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಇದಿನಬ್ಬನವರ ಹೆಸರು.

ದಮಯಂತಿಯಂಥವರನ್ನು ಲೋಕ ಸಂಶಯಪಿಶಾಚಿಗಳೆಂದು ಗೇಲಿ ಮಾಡುತ್ತದೆ. ಆದರೆ ಯಾರ ಮಾತನ್ನೂ ಸುಮ್ಮನೆ ನಂಬದವರೇ, ಯಾರೂ ನಂಬದವನ ಮಾತನ್ನೂ ಒಮ್ಮೆ ಒಡೆದು ನೋಡುವವರು. ಇದಿನಬ್ಬ ಇಷ್ಟು ವರ್ಷ ಕಾದದ್ದು ಅಂಥ ಒಬ್ಬರಿಗಾಗಿ.