ಬೂಟುಗಳು ಮಂಗಳವಾರವೇ ಹೊರಟವು

೧

ಎಲ್ಲಿಂದ ಆರಂಭಿಸುವುದು? ಪರ್ವತದ ಕಥೆಯೆಂದರೆ ಮೊದಲ ಸಾಲಿನಲ್ಲೇ ಹಿಮ ಕುಸಿಯಬೇಕು. ಎರಡನೆಯ ಸಾಲಿನಲ್ಲಿ ಹಗ್ಗ ಕಡಿದು ಯಾರಾದರೂ ಯಾರದಾದರೂ ಹೆಸರು ಕೂಗಬೇಕು. ಬಸ್ ನಿಲ್ದಾಣಗಳಲ್ಲಿ ಕೊಂಡ ಕಾದಂಬರಿಗಳು ಕಲಿಸಿದ ವಿದ್ಯೆ ಇದು. ಆದ್ದರಿಂದ ಬರೆದೆ: “ಸಾವಿನ ಬಿಳಿ ಹೊದಿಕೆ ಮೆಲ್ಲನೆ ಜಾರತೊಡಗಿತು.”

“ಯಾರ ಮೇಲೆ ಜಾರ್ತು?” ಎಂದ ಫುರ್ಬಾ. ಐವತ್ಮೂರು ವರ್ಷದ ಈ ಶೆರ್ಪಾ ಇಪ್ಪತ್ತೇಳು ವರ್ಷಗಳಿಂದ ಪರದೇಶದವರನ್ನು ಎತ್ತರದ ಕಣಿವೆದಾರಿ ದಾಟಿಸುತ್ತಿರುವ ಮಾರ್ಗದರ್ಶಿ. ದುರದೃಷ್ಟವಶಾತ್ ಈ ಕಥೆಯ ನಾಯಕ. ಅಂಗಳದಲ್ಲಿ ಕುಳಿತು ಡೇರೆಯ ಹೊಲಿಗೆ ಪರೀಕ್ಷಿಸುತ್ತಿದ್ದ. “ನಾವಿನ್ನೂ ಮನೇಲೇ ಇದೀವಿ. ಆಲೂಗಡ್ಡೆ ಬೇಯ್ತಾ ಇದೆ. ಅಳಿಸು ಮಾರಾಯ.”

ಅಳಿಸಿದೆ. (ಒಳ್ಳೆಯ ಸಾಲಾಗಿತ್ತು.)

೨

ಸರಿ, ಸಿದ್ಧತೆಯಿಂದಲೇ ಆರಂಭವಾಗಲಿ. ಹಾಲೆಂಡಿನಿಂದ ಆರು ಮಂದಿ ಬರುವವರಿದ್ದರು. ಮುಖಂಡನ ಹೆಸರು ವಿಲ್ಲೆಮ್. ಸಮುದ್ರಕ್ಕಿಂತ ತಗ್ಗಿನಲ್ಲಿರುವ ತನ್ನ ಊರಿನ ಏಕಮಾತ್ರ ಏರಿಯನ್ನು ದಿನಕ್ಕೆ ನಲವತ್ತು ಸಲ ಹತ್ತಿಳಿದು ಅವನು ಹಿಮಾಲಯಕ್ಕೆ ಅಣಿಯಾಗಿದ್ದ. ದಿನಕ್ಕೊಂದು ಪತ್ರ ಬೇರೆ: ಡೇರೆಯಲ್ಲಿ ದಿಂಬು ಇರುವುದೇ? ಸಸ್ಯಾಹಾರಿಗಳಿಗೂ ಎತ್ತರದ ತಲೆನೋವು ಬರುವುದೇ? ಫುರ್ಬಾ ಎಲ್ಲಕ್ಕೂ ಒಂದೇ ಉತ್ತರ ಬರೆಸಿದ: “ಬನ್ನಿ, ನೋಡೋಣ.”

೩

ಲಾಮಾ ಗೊತ್ತುಮಾಡಿಕೊಟ್ಟ ಗಳಿಗೆ ಮಂಗಳವಾರ ಬೆಳಗಿನ ಏಳು. ಮಂಜಿಗೆ ಲಾಮಾನ ಪಂಚಾಂಗ ತಿಳಿಯದು. ವಿಮಾನ ಹಾರದೆ ಆರೂ ಮಂದಿ ಕಾಠ್ಮಂಡುವಿನಲ್ಲೇ ಕುಳಿತರು. ಇಂಥ ಹೊತ್ತಿಗೆ ಊರಿನಲ್ಲಿ ಒಂದು ಉಪಾಯವಿದೆ. ಹೊರಡಬೇಕಾದವನ ಒಂದು ವಸ್ತುವನ್ನು ಆ ಗಳಿಗೆಯಲ್ಲಿ ನೆರೆಮನೆಗೆ ಸಾಗಿಸಿದರೆ ಅವನೇ ಹೊರಟಂತೆ. ಆದರೆ ಹೋದ ವಸ್ತು ಪಯಣ ಮುಗಿಯುವ ತನಕ ಹೊಸ್ತಿಲೊಳಗೆ ಬರಕೂಡದು. ಬುದ್ಧಿವಂತರು ಹಳೆಯ ಶಾಲನ್ನು ಕಳುಹಿಸುತ್ತಾರೆ. ಫುರ್ಬಾ ಬೂಟುಗಳನ್ನು ಕಳುಹಿಸಿದ.

(ಏಕೆಂದರೆ ಹೆಂಡತಿ ಯಾಂಗ್ಜಿ ಅವನ್ನು ಈ ಚಳಿಗಾಲದಲ್ಲಿ ಎರಡು ಸಲ ಬಚ್ಚಿಟ್ಟಿದ್ದಳು. ಪಕ್ಕದ ಕೆಸಾಂಗಳ ಮನೆಯಲ್ಲಿದ್ದರೆ ಶಾಸ್ತ್ರವೇ ಕಾವಲು.)

ಎರಡು ದಿನ ಅವನು ಮಗಳು ಡಿಕಿಯ ಗುಲಾಬಿ ಚಪ್ಪಲಿಯಲ್ಲಿ ಊರು ಸುತ್ತುತ್ತ ಹಗ್ಗ, ಒಲೆ, ಸೀಮೆಎಣ್ಣೆ ಹೊಂದಿಸಿದ. ಕೆಸಾಂಗ್ ಗೋಡೆಯಾಚೆಯಿಂದ ಕೂಗಿದಳು:

“ಏನಪ್ಪಾ ಫುರ್ಬಾ, ನೀನು ಹೊರಟು ಎರಡು ದಿನ ಆಯ್ತಲ್ಲ. ಅಲ್ಲಿ ಹವೆ ಹೇಗಿದೆ?”

“ಚಳಿ ದಿದಿ. ಬೂಟು ಬಿಟ್ಟು ಬಂದ್ಬಿಟ್ಟೆ.”

೪

ಇಲ್ಲಿ ಯಾಂಗ್ಜಿಗೆ ಒಂದು ಅಪಶಕುನದ ಕನಸು ಬೀಳಿಸಬೇಕೆಂದಿದ್ದೆ. ಅವಳು ಒಪ್ಪಲಿಲ್ಲ. “ದಿನವಿಡೀ ದುಡಿದವಳಿಗೆ ಕನಸು ಎಲ್ಲಿಂದ ಬೀಳುತ್ತೆ? ಆದದ್ದನ್ನ ಆದ ಹಾಗೆ ಬರಿ.”

ಆದದ್ದು ಇಷ್ಟು. ಕಳೆದ ಶರತ್ಕಾಲದಲ್ಲಿ, ಕಣಿವೆದಾರಿಯ ನೆತ್ತಿಯ ಮೇಲೆ, ಫುರ್ಬಾನ ಕಣ್ಣಿಗೆ ಒಂದು ದಾರಿ ಎರಡಾಗಿ ಕಂಡಿತು. ಒಂದನ್ನು ಆರಿಸಿಕೊಂಡು ಕಾಲೆತ್ತಿದ. ತಂಡದಲ್ಲಿ ಹಿಂದೆಯೇ ಬರುತ್ತಿದ್ದವನು ಅಂಗಿ ಹಿಡಿದೆಳೆದ; ಕಾಲಿಡುವ ಕಡೆ ನೆಲವೇ ಇರಲಿಲ್ಲ. “ನೀವು ಎಚ್ಚರ ಇದೀರೋ ಇಲ್ವೋ ನೋಡಿದೆ” ಎಂದು ಫುರ್ಬಾ ನಕ್ಕ, ಅವರೂ ನಕ್ಕರು. ಕಣ್ಣು ಆಮೇಲೂ ಸರಿಹೋಗಿಲ್ಲ ಎಂಬ ನಿಜ ತಿಳಿದದ್ದು ಯಾಂಗ್ಜಿಗೊಬ್ಬಳಿಗೆ. ಈ ಸಲ ಆರು ಮಂದಿ ಅವನ ಬೆನ್ನು ನೋಡಿಕೊಂಡು ನಡೆಯುವವರು.

“ನನ್ನ ವಯಸ್ಸು ಐವತ್ಮೂರು ಅಂತ ಬರೆದ್ಯಲ್ಲ,” ಎಂದ ಫುರ್ಬಾ, ಸೂಜಿಯಿಂದ ತಲೆಯೆತ್ತದೆ. “ಮೂವತ್ಮೂರು ಮಾಡು. ನಿಂಗೇನು ನಷ್ಟ?”

“ಮೂವತ್ಮೂರರಲ್ಲಿ ಡಿಕಿ ಹುಟ್ಟಿರಲಿಲ್ಲ. ಅವಳನ್ನೂ ಅಳಿಸಲೇ?”

ಅವನು ದಾರವನ್ನು ಹಲ್ಲಿನಿಂದ ಕಡಿದ.

೫

ಗುರುವಾರ ಮಧ್ಯಾಹ್ನ ಯಾಂಗ್ಜಿ ಕೆಸಾಂಗಳ ಮನೆಗೆ ಹೋಗಿ ಬೂಟುಗಳನ್ನು ಹಿಂದಕ್ಕೆ ತಂದಳು. ಅವುಗಳಿಗೆ ಬಿಳಿಯ ರೇಷ್ಮೆ ಶಲ್ಯ ಹೊದಿಸಿದ್ದಳು, ದೂರದಿಂದ ಮರಳಿದವರಿಗೆ ಹೊದಿಸುವಂತೆ. ಒಲೆಯ ಬಳಿ ಇಳಿಸಿ, ಮುಂದೊಂದು ಬಟ್ಟಲು ಬೆಣ್ಣೆ ಚಹಾ ಇಟ್ಟಳು.

“ಏನಿದು?”

“ಸುಖವಾಗಿ ಬಂದ್ಯಲ್ಲ, ಡಿಕಿ ಅಪ್ಪಾ. ಈ ಸಲ ಕೆಮ್ಮು ಕೂಡ ಹತ್ತಿಲ್ಲ.”

“ನಾನಿನ್ನೂ ಹೋಗೇ ಇಲ್ಲ ಕಣೇ!”

“ಬೂಟು ಹೋದಾಗ ನೀನು ಹೋದೆ. ಬೂಟು ಬಂದಾಗ ಮಾತ್ರ ನೀನು ಬಂದಿಲ್ವಾ? ಹೋಗು, ಲಾಮಾನ್ನೇ ಕೇಳು.”

ಹೋಗಿ ಕೇಳಿದ. ಲಾಮಾ ಕಣ್ಣಲ್ಲಿ ನೀರು ಬರುವ ತನಕ ನಕ್ಕ. “ಅವಳು ಹೇಳಿದ್ದು ಸರಿಯಾಗಿದೆ. ನಿನ್ನ ಪಯಣ ಮುಗೀತು. ಮತ್ತೆ ಹೋಗ್ತೀನಿ ಅಂದ್ರೆ ಹೋಗು, ತಡೆಯೋಕೆ ನಾನ್ಯಾರು? ಹೊಸ ಗಳಿಗೆ ಮಾತ್ರ ನನ್ನ ಕೇಳ್ಬೇಡ.”

೬

ಮುಕ್ತಾಯಗಳು ಸಿದ್ಧವಿವೆ, ಆರಿಸಿಕೊಳ್ಳಿ.

ಅ. ಫುರ್ಬಾ ಹೋಗುತ್ತಾನೆ, ಎಲ್ಲವೂ ಕ್ಷೇಮ. ವಿಲ್ಲೆಮ್ ನೆತ್ತಿಯ ಮೇಲೆ ಅತ್ತು, ಅಂತರಂಗದ ಶಾಂತಿಯ ಬಗ್ಗೆ ಹನ್ನೆರಡು ಪುಟ ಬರೆದು, ಊರಿಗೆ ಮರಳಿದ ವಾರದಲ್ಲೇ ಕಾರು ನಿಲ್ಲಿಸುವ ಜಾಗಕ್ಕಾಗಿ ನೆರೆಯವನೊಡನೆ ಜಗಳವಾಡುತ್ತಾನೆ.

ಆ. ಕೆಸಾಂಗಳ ತಮ್ಮ ಮಿಂಗ್ಮಾರ್ ತಂಡವನ್ನು ಒಯ್ಯುತ್ತಾನೆ. ಫುರ್ಬಾ ದುರ್ಬೀನು ಹಿಡಿದು ಅಂಗಳದಿಂದಲೇ ಅವರ ಪ್ರತಿ ಹೆಜ್ಜೆಗೂ ತಪ್ಪು ಹುಡುಕುತ್ತಾನೆ.

ಇ. ಹಿಮ ಕುಸಿಯುತ್ತದೆ. (ಅಳಿಸಿದ ಆ ಸಾಲು ವ್ಯರ್ಥವಾಗಬಾರದು.)

“ಮೂರೂ ನಿಂದೇ,” ಎಂದ ಫುರ್ಬಾ. “ನಂದು ಎಲ್ಲಿ?”

೭

ಶುಕ್ರವಾರ ಮಂಜು ಸರಿಯಿತು. ಆರು ಬಣ್ಣದ ಆರು ಜಾಕೆಟ್ಟುಗಳು ಅಂಗಳಕ್ಕೆ ಬಂದವು. ಚಪ್ಪಟೆ ನೆಲದಲ್ಲೂ ಎರಡು ಕೋಲು ಊರಿಕೊಂಡು ಬಂದವನು ವಿಲ್ಲೆಮ್. ಅಣ್ಣ ಎನ್ನಲು ಇಲ್ಲಿಯವರು ದಾಯಿ ಎನ್ನುತ್ತಾರೆಂದು ಕಲಿತೇ ಬಂದಿದ್ದ.

“ಫುರ್ಬಾ ದಾಯಿ! ದಾರೀಲಿ ಮುಂದೆ ನೀವೇ ಇರ್ತೀರಲ್ವಾ? ನಿಮ್ಮ ಹೆಜ್ಜೆ ಮೇಲೇ ಹೆಜ್ಜೆ ಇಡ್ತೀನಿ ಅಂತ ನನ್ನ ಹೆಂಡತಿಗೆ ಮಾತು ಕೊಟ್ಟಿದೀನಿ.”

ಫುರ್ಬಾನ ಬಾಯಿಗೆ ನಾನೊಂದು ಗಂಭೀರವಾದ ವಾಕ್ಯ ಹೊಂದಿಸಿಟ್ಟಿದ್ದೆ. ಪರ್ವತ, ವಿಧಿ, ಗಾಳಿ ಎಲ್ಲವೂ ಅದರಲ್ಲಿತ್ತು. ಅವನು ಅದನ್ನು ಮುಟ್ಟಲಿಲ್ಲ. ಯಾಂಗ್ಜಿಯ ಮುಖ ನೋಡಿದ.

“ಒಳಗೆ ಬನ್ನಿ,” ಎಂದ. “ಚಹಾ ಕುಡೀರಿ. ಹೊರಡೋಕೆ ಮುಂಚೆ ಒಂದು ವಿಷಯ ಹೇಳ್ಬೇಕು.”

ಆರು ಮಂದಿಯೂ ತಲೆತಗ್ಗಿಸಿ ಒಳಹೊಕ್ಕರು. ಹಿಂದೆ ಯಾಂಗ್ಜಿ. ಅವಳ ಹಿಂದೆ ನಾನು ಹೊಸ್ತಿಲ ಮೇಲೆ ಕಾಲಿಟ್ಟೆ.

“ನೀನೆಲ್ಲಿಗೆ?”

“ಕಥೆಯ ಕೊನೆ...”

“ಹೊರಗಿರು,” ಎಂದು ಫುರ್ಬಾ ಬಾಗಿಲು ಹಾಕಿಕೊಂಡ.

ಈಗ ಅಂಗಳದಲ್ಲಿ ನಾನು ಮತ್ತು ನೀವು. ತಂಡದ ಮುಂದೆ ಯಾರು ನಡೆದರು, ನಡೆದರೋ ಇಲ್ಲವೋ, ನನ್ನನ್ನು ಕೇಳಬೇಡಿ. ಒಳಗೆ ಬಟ್ಟಲುಗಳ ಸದ್ದಾಯಿತು. ಆಮೇಲೆ ಫುರ್ಬಾನ ತಗ್ಗಿದ ದನಿ, ಬಹಳ ಹೊತ್ತು. ಆಮೇಲೆ ವಿಲ್ಲೆಮ್‌ನದು, ಈ ಸಲ ದಾಯಿ ಎಂಬ ಮಾತಿಲ್ಲದೆ:

“ಎಷ್ಟು ದಿನದಿಂದ?”

ಉತ್ತರ ಬರುವ ಮೊದಲೇ ನಾನು ಬಾಗಿಲಿನಿಂದ ದೂರ ಸರಿದೆ. ನೀವೂ ಬನ್ನಿ.